ಎರಡು ಗಂಟೆ ಕೂತರೂ ಬಗೆಹರಿಯದ ಲೆಕ್ಕ: ಆಗ ಮಿದುಳಿನಲ್ಲಿ ನಡೆಯುವುದೇನು?

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪಿಯುಸಿಯಲ್ಲಿ ಗಣಿತಕ್ಕೆ ನೂರಕ್ಕೆ ನೂರು ಬಂದಿತ್ತು. ಈಗ ಎಂ.ಎಸ್ಸಿ. ಗಣಿತ, ಮೊದಲ ವರ್ಷ. ರಿಯಲ್ ಅನಾಲಿಸಿಸ್‌ನ (ಕ್ಯಾಲ್ಕುಲಸ್‌ನ ತಳಹದಿಯನ್ನು ಸಾಧಿಸಿ ತೋರಿಸುವ ಗಣಿತ) ಒಂದೊಂದು ಪ್ರಾಬ್ಲಮ್ ಮುಂದೆ ಎರಡೆರಡು ಗಂಟೆ ಕೂತರೂ ಒಂದು ಸಾಲು ಮುಂದೆ ಹೋಗುವುದಿಲ್ಲ. ಯೂನಿಫಾರ್ಮ್ ಕಂಟಿನ್ಯೂಟಿಯ ವ್ಯಾಖ್ಯೆ ಬಾಯಿಪಾಠ ಇದೆ, ಆದರೆ ಅದನ್ನು ಬಳಸಲು ಬರುವುದಿಲ್ಲ. ‘ಗಣಿತದ ತಲೆ ಹುಟ್ಟಿನಿಂದಲೇ ಬರಬೇಕು, ಇಂಗ್ಲಿಷ್‌ನಲ್ಲಿ ಯೋಚಿಸಲು ಬಾರದವರಿಗಂತೂ ಕಷ್ಟ’ ಎಂದು ಗೆಳತಿಯೊಬ್ಬಳು ಹೇಳಿದಳು. ದೊಡ್ಡ ಗಣಿತ ಮಾಡುವಾಗ ಮಿದುಳು ನಿಜಕ್ಕೂ ಏನು ಮಾಡುತ್ತದೆ? ನನ್ನ ಮಿದುಳಿನ ಮಿತಿ ಇಷ್ಟೇ ಎಂದುಕೊಳ್ಳಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ, ನಿಮ್ಮನ್ನು ಕಾಡುತ್ತಿರುವುದು ಅದೇ. ಹಾಗೆ ಅಂದುಕೊಳ್ಳಬೇಡಿ. ಎರಡು ಗಂಟೆ ಕೂತು ಒಂದು ಸಾಲೂ ಬರೆಯಲಾಗದ ಸ್ಥಿತಿಯನ್ನು ಗಣಿತಕ್ಕೆ ನಿಜವಾಗಿ ಕೈಹಾಕಿದವರೆಲ್ಲ ಹಾದುಬಂದಿದ್ದಾರೆ. ಆದರೆ ‘ಧೈರ್ಯವಾಗಿರಿ’ ಎಂದಷ್ಟೇ ಹೇಳಿ ನಿಮ್ಮನ್ನು ಕಳಿಸಿಕೊಡುವುದು ನ್ಯಾಯವಲ್ಲ. ಆ ಎರಡು ಗಂಟೆಯಲ್ಲಿ ತಲೆಯೊಳಗೆ ಯಾವುದು ತಡೆದು ನಿಂತಿದೆ ಎಂದು ಗೊತ್ತಾದರೆ, ನಾಳೆ ಅದೇ ಪ್ರಾಬ್ಲಮ್ ಮುಂದೆ ಬೇರೆ ರೀತಿ ಕೂರಬಹುದು.

ಪಿಯುಸಿ ಗಣಿತದಲ್ಲಿ ನಿಮ್ಮ ಮಿದುಳು ಬಹುಮಟ್ಟಿಗೆ ಗುರುತು ಹಿಡಿಯುವ ಕೆಲಸ ಮಾಡುತ್ತಿತ್ತು. ಇಂಟಿಗ್ರೇಷನ್ ಕಂಡ ಕೂಡಲೇ ಇದು ಬೈ ಪಾರ್ಟ್ಸ್, ಇದು ಸಬ್‌ಸ್ಟಿಟ್ಯೂಷನ್ ಎಂದು ಜಾತಿ ಗುರುತಿಸಿ, ಕಲಿತ ಹಾದಿಯಲ್ಲಿ ಕೈ ಓಡಿಸುವುದು. ಅದು ಸಣ್ಣ ಕೌಶಲವೇನಲ್ಲ. ಆದರೆ ಅನಾಲಿಸಿಸ್‌ನಲ್ಲಿ ಗುರುತಿಸಲು ಬೇಕಾದ ವಸ್ತುವೇ ನಿಮ್ಮೊಳಗೆ ಇನ್ನೂ ತಯಾರಾಗಿಲ್ಲ. ಮೊದಲು ಆ ವಸ್ತುವನ್ನು ಕಟ್ಟಬೇಕು, ಕಟ್ಟುತ್ತಲೇ ಅದರಿಂದ ಕೆಲಸ ತೆಗೆಯಬೇಕು. ಎರಡೂ ಕೆಲಸ ಒಟ್ಟಿಗೆ ಬಿದ್ದಿವೆ.

ಭಾಷೆಯ ವಿಷಯಕ್ಕೆ ಬರುತ್ತೇನೆ, ಗೆಳತಿಯ ಮಾತಿನಲ್ಲಿ ನಿಮಗೆ ಹೆಚ್ಚು ನೋವಾಗಿದ್ದು ಅದೇ ಎಂದು ನನ್ನ ಊಹೆ. 2016ರಲ್ಲಿ ಫ್ರಾನ್ಸ್‌ನ ಮಿದುಳು ವಿಜ್ಞಾನಿಗಳಾದ ಮರೀ ಅಮಾಲ್ರಿಕ್ ಮತ್ತು ಸ್ಟಾನಿಸ್ಲಾಸ್ ದೆಹಾನ್ ಒಂದು ಅಧ್ಯಯನ ಪ್ರಕಟಿಸಿದರು. 15 ಮಂದಿ ವೃತ್ತಿಪರ ಗಣಿತಜ್ಞರನ್ನೂ, ಅಷ್ಟೇ ಓದಿಕೊಂಡ ಆದರೆ ಗಣಿತ ಬಿಟ್ಟು ಬೇರೆ ವಿಷಯ ಹಿಡಿದ 15 ಮಂದಿಯನ್ನೂ ಎಫ್‌ಎಂಆರ್‌ಐ ಎಂಬ, ಮಿದುಳಿನ ಯಾವ ಭಾಗ ದುಡಿಯುತ್ತಿದೆ ಎಂದು ತೋರಿಸುವ ಯಂತ್ರದೊಳಗೆ ಮಲಗಿಸಿ ವಾಕ್ಯಗಳನ್ನು ಕೇಳಿಸಿದರು. ಕೆಲವು ವಾಕ್ಯ ಅನಾಲಿಸಿಸ್, ಆಲ್ಜೀಬ್ರಾ, ಟೊಪಾಲಜಿ (ಆಕೃತಿಯನ್ನು ಹರಿಯದೆ ಹಿಗ್ಗಿಸಿ ಬಾಗಿಸಿದರೂ ಬದಲಾಗದ ಗುಣಗಳ ಗಣಿತ), ಜ್ಯಾಮಿತಿಯವು. ಉಳಿದವು ಗಣಿತಕ್ಕೆ ಸಂಬಂಧವಿಲ್ಲದ ಸಾಮಾನ್ಯ ಜ್ಞಾನದವು. ಕೇಳಿದ ಮೇಲೆ ನಾಲ್ಕು ಸೆಕೆಂಡು ಯೋಚಿಸಿ ಸರಿ, ತಪ್ಪು, ಅರ್ಥಹೀನ ಈ ಮೂರರಲ್ಲಿ ಒಂದು ಹೇಳಬೇಕು. ಸಾಮಾನ್ಯ ಜ್ಞಾನದ ವಾಕ್ಯಕ್ಕೆ ಎಲ್ಲರಲ್ಲೂ ಭಾಷೆ ಮತ್ತು ಅರ್ಥಕ್ಕೆ ಸಂಬಂಧಿಸಿದ ಭಾಗಗಳು ಕೆಲಸ ಮಾಡಿದವು. ಗಣಿತದ ವಾಕ್ಯಕ್ಕೆ ಗಣಿತಜ್ಞರಲ್ಲಿ ಮಾತ್ರ ಬೇರೆಯೇ ಒಂದು ಜಾಲ ಎಚ್ಚೆತ್ತುಕೊಂಡಿತು. ವಾಕ್ಯ ಕಿವಿಗೆ ಬೀಳುವಷ್ಟು ಹೊತ್ತು ಭಾಷೆಯ ಭಾಗಗಳು ದುಡಿದು ಸುಮ್ಮನಾದವು. ಆಮೇಲೆ ಯೋಚಿಸುವ ಹೊತ್ತಿನಲ್ಲಿ ಆ ಇನ್ನೊಂದು ಜಾಲ ನಿಧಾನವಾಗಿ ಏರಿ, ಏರಿದ ಮಟ್ಟದಲ್ಲೇ ನಿಂತಿತು.

ಆ ಜಾಲ ಎಲ್ಲಿದೆ? ಒಂದು ಭಾಗ ನೆತ್ತಿಯಿಂದ ತುಸು ಹಿಂದಕ್ಕೆ, ಎರಡೂ ಪಕ್ಕಗಳಲ್ಲಿ, ಇಂಟ್ರಾಪರೈಟಲ್ ಸಲ್ಕಸ್ ಎಂಬ ಸೀಳಿನ ಆಚೀಚೆ. ಇನ್ನೊಂದು ಮಿದುಳಿನ ತಳದಲ್ಲಿ, ಕಿವಿಯ ಮಟ್ಟಕ್ಕೆ ಒಳಗೆ. ಮತ್ತೊಂದು ಹಣೆಯ ಹಿಂದಿನ ಪ್ರೀಫ್ರಂಟಲ್ ಭಾಗದ ಮೇಲ್ಭಾಗ. ಎಡ, ಬಲ ಎರಡೂ ಕಡೆ ಇದೆ. ಹಾಗಾಗಿ ‘ಗಣಿತ ಎಡ ಮಿದುಳಿನದು, ಕಲೆ ಬಲ ಮಿದುಳಿನದು’ ಎಂಬ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ.

ಇದಕ್ಕೂ ಮುಂಚೆ, 2005ರಲ್ಲಿ, ಬ್ರಿಟನ್ನಿನ ರೋಸ್‌ಮರಿ ವಾರ್ಲಿ ಮತ್ತು ಜೊತೆಗಾರರು ಮೂವರು ರೋಗಿಗಳ ಬಗ್ಗೆ ಬರೆದಿದ್ದರು. ಮೂವರಿಗೂ ಎಡ ಮಿದುಳಿಗೆ ದೊಡ್ಡ ಪೆಟ್ಟಾಗಿ ವ್ಯಾಕರಣವೇ ಹೊರಟುಹೋಗಿತ್ತು. ‘ಮನುಷ್ಯ ಸಿಂಹವನ್ನು ಕೊಂದ’, ‘ಸಿಂಹ ಮನುಷ್ಯನನ್ನು ಕೊಂದಿತು’ ಎಂಬಂಥ ಎರಡು ವಾಕ್ಯಗಳಲ್ಲಿ ಯಾರು ಯಾರನ್ನು ಕೊಂದರು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಅದೇ ರೋಗಿಗಳು 59ರಿಂದ 13 ಕಳೆಯುವುದಕ್ಕೂ 13ರಿಂದ 59 ಕಳೆಯುವುದಕ್ಕೂ ವ್ಯತ್ಯಾಸ ತಿಳಿದು ಉತ್ತರ ಬರೆಯುತ್ತಿದ್ದರು, ಆವರಣ ಹಾಕಿದ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ವಾಕ್ಯದ ರಚನೆ ಕೈಬಿಟ್ಟರೂ ಗಣಿತದ ರಚನೆ ಉಳಿದಿತ್ತು. ಮಾತಿನ ರೂಪದ ಪದಗಳಿಗೆ ತನ್ನ ಯೋಚನೆಯಲ್ಲಿ ಪಾತ್ರವಿದ್ದಂತೆ ಕಾಣುವುದಿಲ್ಲ, ತನಗೆ ಒದಗುವುದು ಚಿತ್ರಗಳು, ಕೆಲವೊಮ್ಮೆ ಸ್ನಾಯುಗಳಿಗೆ ತಿಳಿಯುವಂಥ ಸಂವೇದನೆಗಳು ಎಂದು ಐನ್‌ಸ್ಟೈನ್ ಗಣಿತಜ್ಞ ಜಾಕ್ ಹಡಮಾರ್‌ಗೆ ಬರೆದ ಪತ್ರದಲ್ಲಿ ಹೇಳಿದ್ದು ಇದರ ಜೊತೆ ಹೊಂದುತ್ತದೆ.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. ಭಾಷೆಗೆ ಗಣಿತದಲ್ಲಿ ಕೆಲಸವೇ ಇಲ್ಲ ಎಂದಲ್ಲ. ಮಗ್ಗಿಯನ್ನೇ ನೋಡಿ. ‘ಏಳೆಂಟ್ಲಿ ಐವತ್ತಾರು’ ನಮ್ಮೊಳಗೆ ಪದ್ಯದ ಹಾಗೆ, ದನಿಯಾಗಿ ಕೂತಿದೆ. ಎರಡು ಭಾಷೆ ಬಲ್ಲವರಿಗೆ ಒಂದು ಭಾಷೆಯಲ್ಲಿ ಕೂಡುವ ಲೆಕ್ಕ ಕಲಿಸಿ ಇನ್ನೊಂದರಲ್ಲಿ ಕೇಳಿದರೆ ನಿಖರ ಉತ್ತರ ತಡವಾಗಿ ಬರುತ್ತದೆ, ಸುಮಾರು ಉತ್ತರಕ್ಕೆ ಮಾತ್ರ ಆ ತಡೆ ಇರುವುದಿಲ್ಲ. ದೆಹಾನ್ ಮತ್ತು ಎಲಿಜಬೆತ್ ಸ್ಪೆಲ್ಕೆ 1999ರಲ್ಲಿ ತೋರಿಸಿದ್ದು ಇದನ್ನು. ಹೊರದೇಶದಲ್ಲಿ ಎಷ್ಟೋ ವರ್ಷ ಇಂಗ್ಲಿಷ್‌ನಲ್ಲೇ ವ್ಯವಹರಿಸಿದ ಕನ್ನಡಿಗರೂ ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ತುಟಿಯೊಳಗೆ ಕನ್ನಡದ ಮಗ್ಗಿಯನ್ನೇ ಹೇಳಿಕೊಳ್ಳುವುದನ್ನು ನಾನು ನೋಡಿದ್ದೇನೆ. ಹೊಸ ವ್ಯಾಖ್ಯೆಗಳೂ ಭಾಷೆಯ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಆ ಬಾಗಿಲು ಇಂಗ್ಲಿಷ್‌ನದಾದರೆ ಕನ್ನಡ ಮಾಧ್ಯಮದಿಂದ ಬಂದವರಿಗೆ ದಾಟುವ ಶ್ರಮ ಹೆಚ್ಚು, ಅದು ಸುಳ್ಳಲ್ಲ. ಆದರೆ ಬಾಗಿಲು ದಾಟಿದ ಮೇಲೆ ಒಳಗೆ ನಡೆಯುವ ಕೆಲಸಕ್ಕೆ ಇಂಗ್ಲಿಷ್ ಬೇಕಿಲ್ಲ, ಕನ್ನಡವೂ ಬೇಕಿಲ್ಲ. ಇಷ್ಟನ್ನು ನಿಮ್ಮ ಗೆಳತಿಗೆ ಹೇಳಿ.

ಹಾಗಾದರೆ ಒಳಗೆ ನಡೆಯುವುದೇನು? ನನಗೆ ಅತಿ ಇಷ್ಟವಾದ ಭಾಗ ಇದು.

ಗಣಿತಜ್ಞರಲ್ಲಿ ಟೊಪಾಲಜಿಗೂ ಆಲ್ಜೀಬ್ರಾಗೂ ಎಚ್ಚೆತ್ತ ಆ ಜಾಲ ಹೊಸದಾಗಿ ಹುಟ್ಟಿದ್ದಲ್ಲ. ಅಂಕಿ ಕಂಡಾಗ, ಸರಳ ಲೆಕ್ಕ ಮಾಡುವಾಗ ನಿಮ್ಮಲ್ಲಿ, ನನ್ನಲ್ಲಿ, ಗಣಿತ ಬಿಟ್ಟವರಲ್ಲಿ ದುಡಿಯುವ ಜಾಲವೇ ಅದು. ಆರು ತಿಂಗಳ ಕೂಸು ಕೂಡ 8 ಚುಕ್ಕಿಗೂ 16 ಚುಕ್ಕಿಗೂ ಇರುವ ವ್ಯತ್ಯಾಸ ಗುರುತಿಸುತ್ತದೆ. ಇದಕ್ಕೆ ಅಂಟಿಕೊಂಡೇ ಸ್ಥಳದ ಅರಿವು, ಕೈ ಚಾಚುವುದು, ಕಣ್ಣು ಹೊರಳಿಸುವುದು ಇವೆಲ್ಲವನ್ನು ನೋಡಿಕೊಳ್ಳುವ ಭಾಗಗಳಿವೆ. 2009ರ ಒಂದು ಪ್ರಯೋಗದಲ್ಲಿ ಕಣ್ಣನ್ನು ಎಡಕ್ಕೆ, ಬಲಕ್ಕೆ ಹೊರಳಿಸುವಾಗ ನೆತ್ತಿಯ ಹಿಂದಿನ ಆ ಪರೈಟಲ್ ಭಾಗದಲ್ಲಿ ಮೂಡುವ ವಿನ್ಯಾಸವನ್ನು ಕಂಪ್ಯೂಟರಿಗೆ ಕಲಿಸಿದರು. ಆಮೇಲೆ ಅದೇ ಜನ ಕೂಡುವ, ಕಳೆಯುವ ಲೆಕ್ಕ ಮಾಡುವಾಗಿನ ವಿನ್ಯಾಸ ತೋರಿಸಿದರೆ, ಕೂಡುವುದನ್ನು ‘ಬಲಕ್ಕೆ ಹೊರಳಿದ್ದು’ ಎಂದು ಕಂಪ್ಯೂಟರ್ ಊಹಿಸುವುದೇ ಹೆಚ್ಚಾಗಿತ್ತು. ಸಂಖ್ಯಾರೇಖೆ ನಮ್ಮ ಹಲಗೆಯ ಮೇಲೆ ಮಾತ್ರ ಇಲ್ಲ.

ಇಲ್ಲಿ ‘ಸ್ಥಳ’ ಎಂದರೆ ಕಣ್ಣಿಗೆ ಕಾಣುವುದು ಎಂದು ತಿಳಿಯಬೇಡಿ. ಅಮಾಲ್ರಿಕ್ ಮತ್ತು ಸಂಗಡಿಗರು 2018ರಲ್ಲಿ ಮೂವರು ಅಂಧ ಗಣಿತಜ್ಞರನ್ನು ಪರೀಕ್ಷಿಸಿದಾಗ ಅವರಲ್ಲೂ ದುಡಿದದ್ದು ಅದೇ ಜಾಲ. ಆರನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡ ಬರ್ನಾರ್ಡ್ ಮೊರಾಂ, ಗೋಳವೊಂದನ್ನು ಹರಿಯದೆ, ಮಡಿಕೆ ಮೂಡಿಸದೆ, ತನ್ನೊಳಗೆ ತಾನೇ ಹಾಯಿಸಿ ಒಳಮೈ ಹೊರಗೆ ಮಾಡುವ ದಾರಿಯನ್ನು ಟೊಪಾಲಜಿಯಲ್ಲಿ ರೂಪಿಸಿದವರಲ್ಲಿ ಒಬ್ಬರು. ಕಣ್ಣಿದ್ದವರಿಗೇ ತಲೆ ತಿರುಗುವ ಆಕೃತಿಗಳವು.

ಹಳೆಯ ಸಾಮಗ್ರಿಯ ಮೇಲೆ ಹೊಸ ಪರಿಕಲ್ಪನೆ ಕಟ್ಟುವುದೆಂದರೇನು ಎಂಬುದಕ್ಕೆ ನಮ್ಮ ನೆಲದಿಂದಲೇ ಶುರುವಾಗುವ ಉದಾಹರಣೆ ಇದೆ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಋಣಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಹೇಳಿದ. ಅವನ ಸಂಖ್ಯೆಗಳ ಲೋಕದಲ್ಲಿ ಅದು ಸರಿಯಾದ ಮಾತೇ. 1572ರಲ್ಲಿ ಇಟಲಿಯ ಬೊಂಬೆಲ್ಲಿ ಅಂಥ ಮೂಲಗಳ ಲೆಕ್ಕಕ್ಕೆ ನಿಯಮ ಬರೆದ. ನಿಯಮ ಕೆಲಸ ಮಾಡಿತು, ಆದರೆ ಆಮೇಲೂ ಎರಡು ಶತಮಾನ ಗಣಿತಜ್ಞರು ಅವುಗಳ ಜೊತೆ ಮುಜುಗರದಿಂದಲೇ ಬಾಳಿದರು. 1797ರಲ್ಲಿ ಡೆನ್ಮಾರ್ಕ್‌ನಲ್ಲಿ ಭೂಮಾಪಕನಾಗಿದ್ದ ಕಾಸ್ಪರ್ ವೆಸೆಲ್, 1806ರಲ್ಲಿ ಆರ್ಗಾಂ, ಈ ಸಂಖ್ಯೆಗಳನ್ನು ಸಮತಲದ ಮೇಲಿನ ಬಿಂದುಗಳಾಗಿ ಇಟ್ಟು ನೋಡಿದರು. ಋಣ ಒಂದರಿಂದ ಗುಣಿಸುವುದೆಂದರೆ ಪೂರ್ತಿ ಹಿಂದಕ್ಕೆ ತಿರುಗಿ ನಿಲ್ಲುವುದು. ಹಾಗಾದರೆ ಎರಡು ಸಲ ಮಾಡಿದರೆ ಹಿಂದಕ್ಕೆ ತಿರುಗಿ ನಿಂತಂತಾಗುವ ಕ್ರಿಯೆ ಯಾವುದು? ಕಾಲು ಸುತ್ತು ತಿರುಗುವುದು. ಋಣ ಒಂದರ ವರ್ಗಮೂಲ ಅಷ್ಟೇ. ಒಂದನೇ ತರಗತಿ ಮಗುವೂ ಡ್ರಿಲ್ ಪೀರಿಯಡ್‌ನಲ್ಲಿ ಇದನ್ನು ಮೈಯಿಂದ ಮಾಡಿರುತ್ತದೆ. ಸಾವಿರ ವರ್ಷ ದಕ್ಕದ ಪರಿಕಲ್ಪನೆಗೆ ಸ್ಥಳದ, ಚಲನೆಯ ಹಳೆಯ ಅರಿವಿನಲ್ಲಿ ಒಂದು ಆಸನ ಸಿಕ್ಕಿತು, ಅಲ್ಲಿಂದ ಅದು ಮುಟ್ಟುವಂಥ ವಸ್ತುವಾಯಿತು.

ನಿಮ್ಮ ವ್ಯಾಖ್ಯೆಗೂ ಇಂಥ ಆಸನವೇ ಬೇಕಾಗಿರುವುದು.

ಎಚ್ಚರದ ಮನಸ್ಸು ಒಮ್ಮೆಗೆ ಕೈಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬಹಳ ಕಡಿಮೆ. ಈ ತಾತ್ಕಾಲಿಕ ಹಿಡಿತಕ್ಕೆ ವರ್ಕಿಂಗ್ ಮೆಮೊರಿ ಎನ್ನುತ್ತಾರೆ. 1956ರಲ್ಲಿ ಜಾರ್ಜ್ ಮಿಲ್ಲರ್ ಇದನ್ನು ಏಳರ ಆಸುಪಾಸು ಎಂದಿದ್ದರು, 2001ರಲ್ಲಿ ನೆಲ್ಸನ್ ಕೊವನ್ ಸುಮಾರು ನಾಲ್ಕಕ್ಕೆ ಇಳಿಸಿದರು. ಈಗ ವ್ಯಾಖ್ಯೆಯನ್ನು ನೋಡಿ: ಪ್ರತಿ ಎಪ್ಸಿಲಾನ್‌ಗೂ ಒಂದು ಡೆಲ್ಟಾ ಇದೆ (ಎರಡೂ ಸೊನ್ನೆಗಿಂತ ದೊಡ್ಡ ಸಂಖ್ಯೆಗಳು), ಎಂಥದೆಂದರೆ, ಯಾವ ಎರಡು ಬಿಂದುಗಳನ್ನು ತೆಗೆದುಕೊಂಡರೂ, ಅವುಗಳ ಅಂತರ ಡೆಲ್ಟಾಗಿಂತ ಕಡಿಮೆ ಇದ್ದರೆ, ಫಂಕ್ಷನ್ ಬೆಲೆಗಳ ಅಂತರ ಎಪ್ಸಿಲಾನ್‌ಗಿಂತ ಕಡಿಮೆ. ಎಪ್ಸಿಲಾನ್, ಡೆಲ್ಟಾ, ಎರಡು ಬಿಂದು, ಎರಡು ಅಂತರ, ಅವುಗಳ ನಡುವಿನ ಷರತ್ತು, ‘ಪ್ರತಿ’ ಎಲ್ಲಿ ಬರುತ್ತದೆ ‘ಒಂದು ಇದೆ’ ಎಲ್ಲಿ ಬರುತ್ತದೆ ಎಂಬ ಕ್ರಮ. ನಾಲ್ಕು ಬಟ್ಟಲಿನ ತಟ್ಟೆಯಲ್ಲಿ ಏಳೆಂಟು ಬಟ್ಟಲು ಇಡಲು ಹೋದಂತಾಯಿತು. ಪ್ರಾಬ್ಲಮ್ ಇನ್ನೂ ಶುರುವೇ ಆಗಿಲ್ಲ, ಅದಕ್ಕಿಡಲು ತಟ್ಟೆಯಲ್ಲಿ ಜಾಗವೇ ಉಳಿದಿಲ್ಲ. ಎರಡು ಗಂಟೆಯಲ್ಲಿ ಒಂದು ಸಾಲೂ ಬರದೇ ಇರುವುದಕ್ಕೆ ನನ್ನ ಮಟ್ಟಿಗೆ ಮುಖ್ಯ ಕಾರಣ ಇದು. ಬುದ್ಧಿ ಕಡಿಮೆಯಾಗಿ ಹೀಗಾಗುವುದಿಲ್ಲ, ವ್ಯಾಖ್ಯೆ ಇನ್ನೂ ಬಿಡಿಬಿಡಿ ತುಣುಕಾಗಿ ಉಳಿದಿರುವುದರಿಂದ ಹೀಗಾಗುತ್ತದೆ. ಬಾಯಿಪಾಠ ಇದ್ದರೂ ತುಣುಕು ತುಣುಕೇ.

ನಾನು ಇದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಲಾವಣಿಯ ಲೆಕ್ಕದಲ್ಲಿ. ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಮೇಳಗಳನ್ನು ನೆನಪಿಸಿಕೊಳ್ಳಿ. ಒಂದು ಮೇಳ ಸವಾಲು ಹಾಕುತ್ತದೆ, ಇನ್ನೊಂದು ಜವಾಬು ಕೊಡುತ್ತದೆ. ಎಪ್ಸಿಲಾನ್ ಸವಾಲು, ಡೆಲ್ಟಾ ಜವಾಬು. ಸಾಧಾರಣ ಕಂಟಿನ್ಯೂಟಿಯಲ್ಲಿ ಸವಾಲು ಹಾಕುವವರು ಎಪ್ಸಿಲಾನ್ ಜೊತೆಗೆ ಬಿಂದು ಯಾವುದು ಎಂಬುದನ್ನೂ ಮೊದಲೇ ಹೇಳಿಬಿಡಬೇಕು. ಜವಾಬು ಆ ಬಿಂದುವನ್ನು ನೋಡಿಕೊಂಡು ಕೊಡಬಹುದು. ಯೂನಿಫಾರ್ಮ್ ಕಂಟಿನ್ಯೂಟಿಯಲ್ಲಿ ಎಪ್ಸಿಲಾನ್ ಮಾತ್ರ ಹೇಳುತ್ತಾರೆ, ನೀವು ಡೆಲ್ಟಾ ಕೊಟ್ಟ ಮೇಲೆ ಬಿಂದುವನ್ನು ಬೇಕಾದಲ್ಲಿ ಇಡುತ್ತಾರೆ. ಎಕ್ಸ್‌ನ ವರ್ಗ ಎಂಬ ಫಂಕ್ಷನ್ ತೆಗೆದುಕೊಂಡು ಆಡಿ. ಎಪ್ಸಿಲಾನ್ ಒಂದು. ಬಿಂದು 10 ಎಂದು ಮೊದಲೇ ಗೊತ್ತಿದ್ದರೆ 0.05ಕ್ಕಿಂತ ತುಸು ಕಡಿಮೆ ಡೆಲ್ಟಾ ಸಾಕು. ಬಿಂದು 1000 ಆದರೆ 0.0005ಕ್ಕಿಂತ ಕಡಿಮೆ ಬೇಕು. ಬಿಂದು ಗೊತ್ತಿಲ್ಲದೆ ಜವಾಬು ಕೊಟ್ಟಿರೋ, ನೀವು ಎಷ್ಟೇ ಸಣ್ಣ ಡೆಲ್ಟಾ ಹೇಳಿದರೂ ಎದುರಾಳಿ ಇನ್ನಷ್ಟು ದೂರದ ಬಿಂದುವಿಗೆ ಹೋಗಿ ಸೋಲಿಸುತ್ತಾರೆ. ಹಾಗಾಗಿ ಇಡೀ ರೇಖೆಯ ಮೇಲೆ ಎಕ್ಸ್‌ನ ವರ್ಗ ಯೂನಿಫಾರ್ಮ್ ಆಗಿ ಕಂಟಿನ್ಯುಯಸ್ ಅಲ್ಲ. ಹತ್ತು ಸಲ ಹೀಗೆ ಆಡಿದ ಮೇಲೆ ಏಳೆಂಟು ತುಣುಕುಗಳು ಸೇರಿ ಒಂದೇ ವಸ್ತುವಾಗುತ್ತವೆ: ‘ಬಿಂದು ಕಾಣದೆ ಕೊಡಬೇಕಾದ ಜವಾಬು’. ತಟ್ಟೆಯಲ್ಲಿ ಈಗ ಒಂದೇ ಬಟ್ಟಲು. ಉಳಿದ ಮೂರರ ಜಾಗ ಪ್ರಾಬ್ಲಮ್‌ಗೆ.

ಪರಿಣತರಲ್ಲಿ ನಡೆದಿರುವುದು ಈ ಕೂಡಿಸುವಿಕೆ. ಚೆಸ್ ಆಟಗಾರರ ಮೇಲೆ 1973ರಲ್ಲಿ ಚೇಸ್ ಮತ್ತು ಸೈಮನ್ ಮಾಡಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ನಿಜವಾದ ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ತೋರಿಸಿದರೆ ಮಾಸ್ಟರ್ ಬಹುಪಾಲು ಕಾಯಿಗಳನ್ನು ನೆನಪಿನಿಂದ ಜೋಡಿಸುತ್ತಾನೆ, ಹೊಸಬ ತಡವರಿಸುತ್ತಾನೆ. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದರೆ ಮಾಸ್ಟರ್‌ನ ಹೆಚ್ಚುಗಾರಿಕೆ ಹೆಚ್ಚುಕಡಿಮೆ ಮಾಯ. ಅವನ ನೆನಪಿನ ಶಕ್ತಿ ನಮ್ಮದಕ್ಕಿಂತ ದೊಡ್ಡದೇನಲ್ಲ, ಅವನಿಗೆ ಅರ್ಥವಾಗುವ ಗುಂಪುಗಳು ಹೆಚ್ಚು.

ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾ ದೇವಿಯವರ ಹೆಸರು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದವರು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿ 1990ರಲ್ಲಿ ಬರೆದ ಲೇಖನದ ಪ್ರಕಾರ, ದೀಪ ಹೊತ್ತಿದ ಕೂಡಲೇ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ಅವರ ವೇಗ ಸಾಮಾನ್ಯರಷ್ಟೇ ಇತ್ತು. ಅವರ ಅಸಾಧಾರಣ ವೇಗ ಬಾಲ್ಯದಿಂದ ಸಂಖ್ಯೆಗಳ ಜೊತೆ ಒಡನಾಡಿ ಗಳಿಸಿದ ಪರಿಚಯದಲ್ಲಿತ್ತು. ಹಾಗೆಯೇ, ಅವರ ಕಲೆ ಲೆಕ್ಕಾಚಾರದ್ದು. ಪ್ರಮೇಯ ಸಾಧಿಸುವುದು ಬೇರೆ ಕೆಲಸ. ಬೇಗ ಗುಣಿಸಲು ಬಾರದ ದೊಡ್ಡ ಗಣಿತಜ್ಞರು ಬೇಕಾದಷ್ಟಿದ್ದಾರೆ.

ಇನ್ನು ಹಣೆಯ ಹಿಂದಿನ ಭಾಗದ ಕೆಲಸ. ಯಾವ ದಾರಿ ಹಿಡಿದಿದ್ದೇನೆ, ಅದು ಎಲ್ಲಿಗಾದರೂ ಹೋಗುತ್ತಿದೆಯೇ, ಬಿಡಬೇಕೇ ಎಂದು ನೋಡಿಕೊಳ್ಳುವುದು. ಬರ್ಕ್ಲಿಯ ಅಲನ್ ಶೋನ್‌ಫೆಲ್ಡ್ 1980ರ ದಶಕದಲ್ಲಿ ವಿದ್ಯಾರ್ಥಿಗಳು ಲೆಕ್ಕ ಬಿಡಿಸುವುದನ್ನು ಚಿತ್ರೀಕರಿಸಿ ನಿಮಿಷ ನಿಮಿಷ ಬಿಡಿಸಿ ನೋಡಿದರು. ಹಲವರು ಪ್ರಾಬ್ಲಮ್ ಓದಿ, ಥಟ್ಟನೆ ಒಂದು ದಾರಿ ಹಿಡಿದು, ಅದು ಎಲ್ಲಿಗೂ ಮುಟ್ಟದಿದ್ದರೂ ಸಮಯ ಮುಗಿಯುವವರೆಗೆ ಅದರಲ್ಲೇ ಓಡಿದರು. ತನಗೆ ರೂಢಿ ತಪ್ಪಿದ ಜ್ಯಾಮಿತಿಯ ಪ್ರಾಬ್ಲಮ್ ಪಡೆದ ಒಬ್ಬ ಗಣಿತಜ್ಞ ಮಾತ್ರ ಅರ್ಧಕ್ಕೂ ಹೆಚ್ಚು ಹೊತ್ತು ಅದನ್ನು ಅರ್ಥ ಮಾಡಿಕೊಳ್ಳುವುದರಲ್ಲೇ ಕಳೆದ, ಆಗಾಗ ನಿಂತು ತನ್ನನ್ನೇ ವಿಚಾರಿಸಿಕೊಂಡ. ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಅಡ್ಡಾಡುತ್ತ ಮೂರೇ ಪ್ರಶ್ನೆ ಕೇಳುತ್ತಿದ್ದರು: ಈಗ ಏನು ಮಾಡುತ್ತಿದ್ದೀರಿ? ಏಕೆ? ಅದರಿಂದ ಏನಾಗುತ್ತದೆ? ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟುಕೊಳ್ಳಿ, ಹತ್ತು ನಿಮಿಷಕ್ಕೊಮ್ಮೆ ಓದಿ. ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ದಾರಿ ಬದಲಿಸಿ.

ಎದ್ದು ಹೋಗುವುದೂ ಕೆಲಸದ ಭಾಗವೇ. ಫ್ರೆಂಚ್ ಗಣಿತಜ್ಞ ಪಾಂಕರೆ 1908ರಲ್ಲಿ ಹೇಳಿದ ಪ್ರಸಂಗ ನೀವು ಕೇಳಿರಬಹುದು: ಕಾನ್ ಊರಿನಿಂದ ಹೊರಟ ಪ್ರವಾಸದಲ್ಲಿ, ಕೂತಾನ್ಸ್ ಊರಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣಕ್ಕೆ, ತಾನು ಕಟ್ಟಿದ ಫಂಕ್ಷನ್‌ಗಳಿಗೂ ಯೂಕ್ಲಿಡೇತರ ಜ್ಯಾಮಿತಿಗೂ ಇರುವ ನಂಟು ಹೊಳೆಯಿತು ಎಂಬುದು. ಹೇಳುವವರು ಬಂಡಿಯ ಮೆಟ್ಟಿಲನ್ನಷ್ಟೇ ಹೇಳುತ್ತಾರೆ. ಅದಕ್ಕೆ ಮುಂಚೆ ಹದಿನೈದು ದಿನ ದಿನವೂ ಮೇಜಿಗೆ ಕೂತು ಏನೂ ದಕ್ಕದೆ ಎದ್ದಿದ್ದನ್ನೂ, ಊರಿಗೆ ಮರಳಿದ ಮೇಲೆ ಕೂತು ಸಾಲು ಸಾಲಾಗಿ ಪರಿಶೀಲಿಸಿದ್ದನ್ನೂ ಬಿಟ್ಟುಬಿಡುತ್ತಾರೆ. 2004ರಲ್ಲಿ ಜರ್ಮನಿಯ ಉಲ್ರಿಚ್ ವಾಗ್ನರ್, ಯಾನ್ ಬಾರ್ನ್ ಮತ್ತು ಸಂಗಡಿಗರು ಒಂದು ಅಂಕಿಗಳ ಲೆಕ್ಕದಲ್ಲಿ ಗುಟ್ಟಾದ ಅಡ್ಡದಾರಿಯೊಂದನ್ನು ಅಡಗಿಸಿಟ್ಟು ಜನರಿಂದ ಮಾಡಿಸಿದರು. ಎಂಟು ಗಂಟೆಯ ಬಿಡುವಿನಲ್ಲಿ ನಿದ್ದೆ ಮಾಡಿದವರಲ್ಲಿ ನೂರಕ್ಕೆ 59 ಮಂದಿಗೆ ಅಡ್ಡದಾರಿ ಹೊಳೆಯಿತು, ಎಚ್ಚರವಿದ್ದವರಲ್ಲಿ ನೂರಕ್ಕೆ 23 ಮಂದಿಗೆ. ಆದರೆ ಮಲಗುವ ಮುಂಚೆ ಅವರೆಲ್ಲ ಆ ಲೆಕ್ಕ ಮಾಡಿದ್ದರು. ಪ್ರಾಬ್ಲಮ್ ತಲೆಗೆ ಇಳಿಯದೆ ಮಲಗಿದರೆ ನಿದ್ದೆ ನಿದ್ದೆಯಷ್ಟೇ.

ದಣಿವೂ ಕಲ್ಪನೆಯಲ್ಲ. 2022ರಲ್ಲಿ ಪ್ಯಾರಿಸ್‌ನ ಸಂಶೋಧಕರು ಆರು ಗಂಟೆಗೂ ಹೆಚ್ಚು ಕಾಲ ಕಠಿಣ ಮಾನಸಿಕ ಕೆಲಸ ಮಾಡಿದವರ ಪ್ರೀಫ್ರಂಟಲ್ ಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಶೇಖರವಾಗುವುದನ್ನು ಅಳೆದರು. ರಾತ್ರಿ ಹನ್ನೊಂದಕ್ಕೆ ಪ್ರೂಫ್ ಕೈಕೊಟ್ಟಿತೆಂದು ನಿಮ್ಮ ಯೋಗ್ಯತೆಯ ತೀರ್ಪು ಬರೆಯಬೇಡಿ.

ಭಯದ ಬಗ್ಗೆ ಒಂದು ಮಾತು, ಅದು ನಿಮ್ಮ ಪತ್ರದ ಸಾಲುಗಳ ನಡುವೆ ಇದೆ. ಗಣಿತದ ಭಯವಿರುವ ಏಳರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಲೆಕ್ಕ ಮಾಡುವಾಗ ಅಮಿಗ್ಡಲಾ ಎಂಬ, ಭಯಕ್ಕೆ ಸಂಬಂಧಿಸಿದ ಭಾಗ ಹೆಚ್ಚು ಕೆರಳಿರುತ್ತದೆ, ಲೆಕ್ಕಕ್ಕೆ ಬೇಕಾದ ಭಾಗಗಳ ಚಟುವಟಿಕೆ ಕಡಿಮೆಯಾಗಿರುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ವಿನೋದ್ ಮೆನನ್ ಅವರ ತಂಡ 2012ರಲ್ಲಿ ತೋರಿಸಿತು. 2015ರಲ್ಲಿ ಅದೇ ತಂಡ, ಎಂಟು ವಾರ ಒಬ್ಬೊಬ್ಬರಿಗೇ ಕೂತು ಪಾಠ ಹೇಳಿದ ಮೇಲೆ ಆ ಭಯವೂ ಅಮಿಗ್ಡಲಾದ ಕೆರಳುವಿಕೆಯೂ ತಗ್ಗಿದ್ದನ್ನು ಕಂಡಿತು. ‘ನನ್ನ ಕೈಲಾಗದು’ ಎಂಬ ಚಿಂತೆ ಕೂಡ ಆ ನಾಲ್ಕು ಬಟ್ಟಲಿನ ತಟ್ಟೆಯಲ್ಲೇ ಜಾಗ ಹಿಡಿಯುತ್ತದೆ. ಗೆಳತಿಯ ಮಾತು ಪರೀಕ್ಷೆಯ ಹೊತ್ತಿನಲ್ಲಿ ಒಂದು ಬಟ್ಟಲು ಕಸಿದುಕೊಂಡಿತು ಎಂದೇ ಇಟ್ಟುಕೊಳ್ಳಿ.

ಹುಟ್ಟಿನಿಂದ ಬರುವ ವ್ಯತ್ಯಾಸ ಇಲ್ಲವೇ ಇಲ್ಲ ಎಂದರೆ ನಾನು ಸುಳ್ಳು ಹೇಳಿದಂತೆ. ಇದೆ. ಅವಳಿ ಮಕ್ಕಳ ಅಧ್ಯಯನಗಳು ವಂಶವಾಹಿಯ ಪಾಲನ್ನೂ ಮನೆ, ಶಾಲೆಗಳ ಪಾಲನ್ನೂ ತೋರಿಸುತ್ತವೆ. ಆದರೆ ಎಂ.ಎಸ್ಸಿ. ಮೊದಲ ವರ್ಷದ ಒಂದು ಪ್ರಾಬ್ಲಮ್ ಬಿಡಿಸಲಾಗಲಿಲ್ಲ ಎಂಬುದರಿಂದ ಆ ಪಾಲನ್ನು ಅಳೆಯಲು ಯಾರಿಂದಲೂ ಆಗದು. ಯಂತ್ರದ ಚಿತ್ರ ತೋರಿಸಿ ‘ಇವರ ಮಿದುಳು ಗಣಿತದ್ದು’ ಎನ್ನುವವರನ್ನೂ ನಂಬಬೇಡಿ. ಎಫ್‌ಎಂಆರ್‌ಐ ನೋಡುವುದು ರಕ್ತದ ಆಮ್ಲಜನಕವನ್ನು, ಅದೂ ಕೆಲವು ಸೆಕೆಂಡು ತಡವಾಗಿ. ಅಮಾಲ್ರಿಕ್ ಮತ್ತು ದೆಹಾನ್ ಅವರ ಪ್ರಯೋಗದಲ್ಲಿ ಯೋಚನೆಗೆ ಸಿಕ್ಕಿದ್ದು ನಾಲ್ಕು ಸೆಕೆಂಡು. ಆಂಡ್ರೂ ವೈಲ್ಸ್ ಫರ್ಮಾನ ಪ್ರಮೇಯದ ಹಿಂದೆ ಏಳು ವರ್ಷ ಬಿದ್ದು 1993ರಲ್ಲಿ ಘೋಷಿಸಿ, ಅದರಲ್ಲಿ ಬಿರುಕು ಕಂಡು, 1994ರ ಸೆಪ್ಟೆಂಬರ್‌ನಲ್ಲಿ ಅದನ್ನು ಸರಿಪಡಿಸಿದರಲ್ಲ, ಅಂಥ ವರ್ಷಗಳನ್ನು ಹಿಡಿಯುವ ಯಂತ್ರ ಇನ್ನೂ ಇಲ್ಲ.

ನೋಡಲು ಮನಸ್ಸಿಗೆ ಹಿತವಾದ ಚಿತ್ರವೂ ಒಂದಿದೆ. 2014ರಲ್ಲಿ ಮಿದುಳು ವಿಜ್ಞಾನಿ ಸೆಮಿರ್ ಝೆಕಿ ಮತ್ತು ಗಣಿತಜ್ಞ ಮೈಕೆಲ್ ಅಟಿಯಾ ಮೊದಲಾದವರು 15 ಗಣಿತಜ್ಞರಿಗೆ 60 ಸೂತ್ರಗಳನ್ನು ತೋರಿಸಿದರು. ಸುಂದರ ಎನಿಸಿದ ಸೂತ್ರ ಕಂಡಾಗ ಕಣ್ಣಿನ ಗೂಡಿನ ಮೇಲಿರುವ ಆರ್ಬಿಟೋಫ್ರಂಟಲ್ ಭಾಗ ಎಚ್ಚೆತ್ತಿತು. ಒಳ್ಳೆಯ ಸಂಗೀತ ಕೇಳಿದಾಗಲೂ ಚಿತ್ರ ಕಂಡಾಗಲೂ ಎಚ್ಚೆತ್ತುಕೊಳ್ಳುವುದು ಅದೇ. ಹೆಚ್ಚು ಮಂದಿಗೆ ಅತಿ ಸುಂದರ ಎನಿಸಿದ್ದು ಆಯ್ಲರ್‌ನ ಸಮೀಕರಣ, ಆ ಕಾಲು ಸುತ್ತಿನ ಸಂಖ್ಯೆಯ ನೆರವಿನಿಂದ ಒಂದು ಎಂಬ ಬಿಂದು ಅರ್ಧ ಸುತ್ತು ತಿರುಗಿ ಋಣ ಒಂದಕ್ಕೆ ಬಂದು ನಿಲ್ಲುವ ಸೂತ್ರ. ಕುರೂಪ ಎನಿಸಿಕೊಂಡಿದ್ದು ಪೈಗಾಗಿ ರಾಮಾನುಜನ್ ಕೊಟ್ಟ ಅನಂತ ಶ್ರೇಣಿ. ನನಗೆ ಅದು ಕುರೂಪ ಅಲ್ಲ. ಅದರೊಳಗಿನ 1103 ಎಂಬ ಅಂಕಿ ಎಲ್ಲಿಂದ ಬಂತು ಎಂದು ತಿಳಿದವರಿಗೆ ಅದು ಬೇರೆಯೇ ಕಾಣುತ್ತದೆ. ತಿಳಿವು ಕೂಡಿದ ಹಾಗೆ ಕಾಣುವ ರೂಪವೇ ಬದಲಾಗುವುದಕ್ಕೆ ಇದೊಂದು ಸಾಕ್ಷಿ.

ಕೊನೆಗೆ, ಉತ್ತರ ಯಾವಾಗ ನೋಡಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದು ಗಂಟೆ ಪ್ರಾಮಾಣಿಕವಾಗಿ ಕೂತಿರಿ: ಸಣ್ಣ ಉದಾಹರಣೆ ಹಾಕಿದಿರಿ, ಚಿತ್ರ ಬರೆದಿರಿ, ಆ ಮೂರು ಪ್ರಶ್ನೆ ಕೇಳಿಕೊಂಡಿರಿ. ಅಷ್ಟಾದ ಮೇಲೆ ಮುಚ್ಚಿ ಮಲಗಿ. ಬೆಳಿಗ್ಗೆ ಇನ್ನೊಮ್ಮೆ ನೋಡಿ. ಆಗಲೂ ಬಾರದಿದ್ದರೆ ಉತ್ತರದ ಮೊದಲೆರಡು ಸಾಲು ಮಾತ್ರ ಓದಿ, ಪುಸ್ತಕ ಮುಚ್ಚಿ ಮುಂದಿನದನ್ನು ನೀವೇ ಬರೆಯಿರಿ. ಮುಗಿದ ಮೇಲೆ ಆ ಪ್ರೂಫ್‌ನ ಜೀವಾಳವನ್ನು ಕನ್ನಡದಲ್ಲೇ ಒಂದು ವಾಕ್ಯದಲ್ಲಿ ಬರೆದಿಡಿ. ಅನುವಾದ ಬೇಡ, ತಂಗಿಗೆ ಹೇಳುವ ಹಾಗೆ. ಆ ವಾಕ್ಯವೇ ಮುಂದಿನ ಪ್ರಾಬ್ಲಮ್‌ನಲ್ಲಿ ನಿಮ್ಮ ಒಂದು ಬಟ್ಟಲು.

ಶುರುಮಾಡಲು ಒಂದು ಪ್ರಾಬ್ಲಮ್ ಕೊಡುತ್ತೇನೆ. ಎಕ್ಸ್‌ನ ವರ್ಗಮೂಲ, ಸೊನ್ನೆಯಿಂದ ಅನಂತದವರೆಗೆ. ಚಿತ್ರ ಬರೆಯಿರಿ: ಸೊನ್ನೆಯ ಹತ್ತಿರ ಗೆರೆ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ, ಎಕ್ಸ್‌ನ ವರ್ಗ ದೂರದಲ್ಲಿ ಎದ್ದಷ್ಟೇ ಕಡಿದಾಗಿ. ಹಾಗಾದರೆ ಇಲ್ಲೂ ಬಿಂದು ಕಾಣದೆ ಕೊಡುವ ಜವಾಬು ಸೋಲುತ್ತದೆಯೇ? ಎದುರಾಳಿ ಎಪ್ಸಿಲಾನ್ ಹೇಳಿದಾಗ ಎಪ್ಸಿಲಾನ್‌ನ ವರ್ಗವನ್ನೇ ಡೆಲ್ಟಾ ಎಂದು ಕೊಟ್ಟು, ಬಿಂದುವನ್ನು ಸೊನ್ನೆಯ ಪಕ್ಕದಲ್ಲೂ ಬಹಳ ದೂರದಲ್ಲೂ ಇಟ್ಟು ಆಡಿಸಿ ನೋಡಿ.